ಫೈಲ್ ಮುಚ್ಚಿ ಹೇಳಿ

ನನ್ನ ನೋಟ್ಸ್ ಓದಿದವಳಿಗೆ ಮೂವತ್ತಕ್ಕೆ ಇಪ್ಪತ್ತಾರು ಬಂತು. ಆ ನೋಟ್ಸ್ ಬರೆದ ನನಗೆ ಹನ್ನೊಂದು.

ಈ ಎರಡು ಅಂಕಿಗಳನ್ನು ನಾನು ನೋಡಿದ್ದು ಸೌದಿ ಅರೇಬಿಯಾದ ಬೆಟ್ಟದೂರು ಅಭಾದ ಒಂದು ಖಾಸಗಿ ಕಾಲೇಜಿನ ಕಾರಿಡಾರಿನಲ್ಲಿ, ಸಂಜೆಯ ಕ್ಲಾಸು ಶುರುವಾಗುವ ಹತ್ತು ನಿಮಿಷ ಮೊದಲು. ನನ್ನ ಪಕ್ಕದಲ್ಲಿ ನಿಂತಿದ್ದ ಆ ಸಹಪಾಠಿ ನಮ್ಮ ಆಸ್ಪತ್ರೆಯದೇ ಮಕ್ಕಳ ವಾರ್ಡಿನ ನರ್ಸ್, ಅಭಾದ ಕೆಳಗಿನ ಬೆಟ್ಟದ ಹಳ್ಳಿಯ ಸೌದಿ ಹುಡುಗಿ, ವಯಸ್ಸು ಇಪ್ಪತ್ತನಾಲ್ಕು. ಪರೀಕ್ಷೆಗೆ ಒಂದು ವಾರ ಇರುವಾಗ ನನ್ನ ನೋಟ್ ಪುಸ್ತಕದ ಅಷ್ಟೂ ಪುಟಗಳ ಫೋಟೊ ತೆಗೆದುಕೊಂಡು, "ಮಾಶಾಅಲ್ಲಾ ಸಿಸ್ಟರ್, ಇದು ಪುಸ್ತಕ ಅಲ್ಲ, ಕಸೂತಿ" ಎಂದು ಹೊಗಳಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮಲ್ಲಿ ಕೆಸರು ನನ್ನ ಕೈಗೆ ಅಂಟಿತು, ಮೊಸರು ಅವಳ ಬಾಯಿಗೆ ಹೋಯಿತು.

ಇವತ್ತು ಇದನ್ನು ನಗುತ್ತ ಬರೆಯುತ್ತಿದ್ದೇನೆ. ಅಂದು ಮಾತ್ರ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಮೂವತ್ತೊಂಬತ್ತು ವರ್ಷದ ಹೆಂಗಸು ಮಾರ್ಕಿಗಾಗಿ ಅಳುವುದನ್ನು ಯಾರಾದರೂ ಕೇಳಿಸಿಕೊಂಡರೆ ಮಾನ ಎಲ್ಲಿ ಉಳಿಯುತ್ತದೆ?

ವಿಷಯ ಮಾರ್ಕಿನದಷ್ಟೇ ಆಗಿರಲಿಲ್ಲ. ಆರು ವರ್ಷಗಳಿಂದ ನಾನು ನಮ್ಮ ಆಸ್ಪತ್ರೆಯ ಡಯಾಲಿಸಿಸ್ ಘಟಕದ ಚಾರ್ಜ್ ನರ್ಸ್, ಅಂದರೆ ಉಸ್ತುವಾರಿ. ನಾಲ್ಕು ಮೆಷಿನ್ ಇದ್ದದ್ದು ಹನ್ನೆರಡಾಗುವುದನ್ನು ಕಣ್ಣಾರೆ ಕಂಡವಳು. ವಾರಕ್ಕೆ ಮೂರು ದಿನ ಬಂದು ನಾಲ್ಕು ನಾಲ್ಕು ಗಂಟೆ ಮಲಗುವ ರೋಗಿಗಳಿಗೆ ನಾನು ಮನೆಯವಳ ಹಾಗೆ ಆಗಿಬಿಟ್ಟಿದ್ದೆ. ಆದರೆ ನನ್ನ ಕೈಯಲ್ಲಿದ್ದದ್ದು ಮಂಗಳೂರಿನ ಡಿಪ್ಲೊಮಾ. ಇನ್ನು ಮುಂದೆ ಚಾರ್ಜ್ ಆಗಬೇಕಾದರೆ ಪದವಿ ಬೇಕು ಎಂದು ಆಸ್ಪತ್ರೆ ನಿಯಮ ಮಾಡಿತು. ನನ್ನ ಹೆಸರಿನ ಮುಂದೆ 'ಆಕ್ಟಿಂಗ್', ಅಂದರೆ ತಾತ್ಕಾಲಿಕ, ಎಂಬ ಪದ ಸೇರಿತು. ಡಿಪ್ಲೊಮಾದವರಿಗಾಗಿಯೇ ಇರುವ ಸಂಜೆಯ ಪದವಿ ಕೋರ್ಸಿಗೆ ಸೇರಿ ಒಂದೊಂದೇ ಪೇಪರ್ ದಾಟುತ್ತ ಬಂದಿದ್ದೆ. ಉಳಿದದ್ದು ಇದೊಂದೇ: ಪ್ಯಾಥೊಫಿಸಿಯಾಲಜಿ. ರೋಗ ಬಂದಾಗ ದೇಹದ ಒಳಗೆ ಏನು ನಡೆಯುತ್ತದೆ, ಯಾಕೆ ನಡೆಯುತ್ತದೆ ಎಂಬ ಶಾಸ್ತ್ರ. ಮಧ್ಯಾವಧಿ ಪರೀಕ್ಷೆಗೆ ಮೂವತ್ತು, ಕೊನೆಯ ಪರೀಕ್ಷೆಗೆ ಎಪ್ಪತ್ತು, ಪಾಸಾಗಲು ಒಟ್ಟು ಅರವತ್ತು. ಅಂದರೆ ಇನ್ನು ಎಪ್ಪತ್ತರಲ್ಲಿ ನಲವತ್ತೊಂಬತ್ತು ಬರಲೇಬೇಕು. ಬಾರದಿದ್ದರೆ ಒಂದು ವರ್ಷ ಕಾಯಬೇಕು, ಅಷ್ಟರಲ್ಲಿ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ. ನರ್ಸಿಂಗ್ ಸೂಪರ್‌ವೈಸರ್ ಒಳ್ಳೆಯವರು, ಆದರೂ ನೇರವಾಗಿಯೇ ಹೇಳಿದ್ದರು: "ಸಿಸ್ಟರ್, ಈ ಟರ್ಮ್ ಮುಗಿಯುವವರೆಗೆ ನಾನು ಕಾಯಬಲ್ಲೆ. ಆಮೇಲೆ ಘಟಕವನ್ನು ಬೇರೆಯವರಿಗೆ ಕೊಡಲೇಬೇಕು."

ಉಳಿದದ್ದು ಒಂಬತ್ತು ವಾರ.

ನಾನು ಓದುತ್ತಿದ್ದ ರೀತಿಯನ್ನು ಇಲ್ಲಿ ಹೇಳಬೇಕು. ನಾವು ನರ್ಸಿಂಗ್ ಕಲಿತ ಕಾಲದಲ್ಲಿ ರೋಗಿಯ ಚಾರ್ಟಿನಲ್ಲಿ ಬೆಳಗಿನ ಪಾಳಿಯವರು ನೀಲಿ ಶಾಯಿಯಲ್ಲಿ, ಸಂಜೆಯವರು ಹಸಿರಿನಲ್ಲಿ, ರಾತ್ರಿಯವರು ಕೆಂಪಿನಲ್ಲಿ ಬರೆಯಬೇಕಿತ್ತು. ನನ್ನ ನೋಟ್ಸೂ ಅದೇ ಮೂರು ಬಣ್ಣ. ಶೀರ್ಷಿಕೆ ಕೆಂಪು, ವಿವರಣೆ ನೀಲಿ, ಔಷಧ ಹಸಿರು. ನೂರ ಹನ್ನೆರಡು ಪುಟ, ಒಂದು ಚಿತ್ತೂ ಇಲ್ಲ. ನರ್ಸುಗಳಿಗೆ ಮೊದಲ ದಿನ ಕಲಿಸುವ ಮಂತ್ರ, 'ಬರೆಯದಿದ್ದರೆ ಮಾಡಿದ ಹಾಗಲ್ಲ.' ಇಂಜೆಕ್ಷನ್ ಕೊಟ್ಟೆಯಾ? ಚಾರ್ಟಿನಲ್ಲಿ ಇಲ್ಲ, ಹಾಗಾದರೆ ಕೊಟ್ಟಿಲ್ಲ. ಹದಿನೇಳು ವರ್ಷ ಈ ಮಂತ್ರ ಜಪಿಸಿದ ತಲೆ ಅದನ್ನು ತಿರುಗಿಸಿಯೂ ನಂಬಿತ್ತು: ಬರೆದರೆ ಮಾಡಿದ ಹಾಗೆ. ಒಂದು ಅಧ್ಯಾಯವನ್ನು ಬಣ್ಣ ಬಣ್ಣವಾಗಿ ಬರೆದು ಕೆಳಗೆ ಗೆರೆ ಎಳೆದೆನೋ, ಆ ಅಧ್ಯಾಯ ಖಲಾಸ್. ಮತ್ತೆ ಅದರ ಮುಖ ನೋಡುವುದು ಪರೀಕ್ಷೆಯ ಹಿಂದಿನ ದಿನ.

ಪರೀಕ್ಷೆಯಲ್ಲಿ ಆದದ್ದೇನೆಂದರೆ, ಪ್ರಶ್ನೆ ನೋಡಿದ ಕೂಡಲೇ ಪುಟ ನೆನಪಾಗುತ್ತಿತ್ತು. ಎಡಗಡೆಯ ಪುಟ, ಮೇಲಿನಿಂದ ಮೂರನೇ ಸಾಲು, ಹಸಿರು ಶಾಯಿ. ಆ ಸಾಲಿನಲ್ಲಿ ಏನಿತ್ತು ಎಂಬುದು ಮಾತ್ರ ನೆನಪಿಗೆ ಬರುತ್ತಿರಲಿಲ್ಲ.

ಉತ್ತರ ಪತ್ರಿಕೆ ತೋರಿಸಿ ಎಂದು ಈಜಿಪ್ಟಿನ ನಮ್ಮ ಮೇಷ್ಟ್ರ ಬಳಿ ಹೋದೆ. ಪ್ರಶ್ನೆಗಳೇ ಸರಿ ಇಲ್ಲ ಎಂದು ವಾದಿಸುವ ಆಸೆ ಇತ್ತು, ಕುಣಿಯಲಾರದವಳಿಗೆ ನೆಲ ಡೊಂಕು. ಅವರು ಒಂದೇ ಒಂದು ಪ್ರಶ್ನೆಗೆ ಬೆರಳಿಟ್ಟರು. ಎರಡು ಸಲ ಡಯಾಲಿಸಿಸ್ ತಪ್ಪಿಸಿಕೊಂಡ ರೋಗಿ, ಉಸಿರು ಆಳವಾಗಿ, ವೇಗವಾಗಿ ಓಡುತ್ತಿದೆ, ಎದೆ ಸ್ವಚ್ಛ, ಕಾಲಿನಲ್ಲಿ ಊತವಿಲ್ಲ, ರಕ್ತದಲ್ಲಿ ಬೈಕಾರ್ಬನೇಟ್ ಕಡಿಮೆ. ಕಾರಣ ಏನು?

"ನೀವು ಶ್ವಾಸಕೋಶದಲ್ಲಿ ನೀರು ಎಂದು ಬರೆದಿದ್ದೀರಿ" ಎಂದರು ಮೇಷ್ಟ್ರು. "ಎದೆ ಸ್ವಚ್ಛ ಎಂದು ನಾನೇ ಬರೆದುಕೊಟ್ಟಿದ್ದೇನಲ್ಲ ಸಿಸ್ಟರ್?"

"ನಮ್ಮಲ್ಲಿಗೆ ಏದುಸಿರು ಬಿಡುತ್ತ ಬರುವವರಿಗೆಲ್ಲ ನೀರೇ ಇರುತ್ತದೆ ಸರ್."

"ಈ ರೋಗಿ ನಿಮ್ಮಲ್ಲಿಗೆ ಬಂದವನಲ್ಲ. ನನ್ನ ಪ್ರಶ್ನೆಗೆ ಬಂದವನು" ಎಂದು ಅವರು ನಕ್ಕರು.

ಹನ್ನೆರಡು ಮೆಷಿನ್‌ಗಳ ಯಜಮಾನಿ ಕಿಡ್ನಿಯ ಪ್ರಶ್ನೆಯಲ್ಲೇ ಬಿದ್ದಿದ್ದಳು. ಕ್ಯಾಂಟೀನಿನಲ್ಲಿ ಸಹಪಾಠಿಯನ್ನು ಕೂರಿಸಿಕೊಂಡು ಕೇಳಿದೆ, ನೀನು ನನ್ನ ನೋಟ್ಸ್ ಎಷ್ಟು ಸಲ ಓದಿದೆ? ಅವಳು ಸಂಕೋಚದಿಂದ ಹೇಳಿದಳು, "ಓದಲಿಲ್ಲ ಸಿಸ್ಟರ್. ನಿಮ್ಮ ಕೆಂಪು ಸಾಲು ಮಾತ್ರ ನೋಡುತ್ತಿದ್ದೆ. ಕೆಳಗಿನದನ್ನು ಕೈಯಿಂದ ಮುಚ್ಚಿ ಅಜ್ಜಿಗೆ ಅರಬಿಯಲ್ಲಿ ಹೇಳುತ್ತಿದ್ದೆ. ತಪ್ಪಿದರೆ ಕೈ ತೆಗೆದು ನೋಡುತ್ತಿದ್ದೆ."

ಅಜ್ಜಿಗೆ ಪಾಠ ಹೇಳುವಷ್ಟು ಪುರುಸೊತ್ತು ಚಿಕ್ಕ ಹುಡುಗಿಯರಿಗೆ ಮಾತ್ರ ಇರುತ್ತದೆ ಎಂದುಕೊಂಡು ಹೊಸ ನೋಟ್ ಪುಸ್ತಕ ಕೊಳ್ಳಲು ಅಂಗಡಿಗೆ ಹೋದೆ. ಈ ಸಲ ನಾಲ್ಕು ಬಣ್ಣ ಮಾಡೋಣ ಎಂಬ ಯೋಜನೆ ಇತ್ತು. ಬುದ್ಧಿ ಅಷ್ಟು ಬೇಗ ಬರುವ ಜಾತಿಯಲ್ಲ ನನ್ನದು.

ಅದು ಬಂದದ್ದು ಎರಡು ದಿನ ಬಿಟ್ಟು, ಮಧ್ಯಾಹ್ನ ಎರಡು ಗಂಟೆಗೆ, ನನ್ನದೇ ಘಟಕದಲ್ಲಿ. ಪಾಳಿ ಬದಲಾಗುವಾಗ ಬೆಳಗಿನ ನರ್ಸ್ ತನ್ನ ರೋಗಿಗಳನ್ನು ಮುಂದಿನವರಿಗೆ ಒಪ್ಪಿಸಿ ಹೋಗಬೇಕು. ಇಲ್ಲಿಯ ಆಸ್ಪತ್ರೆಗಳಲ್ಲಿ ಇದಕ್ಕೆ ಎಂಡಾರ್ಸ್‌ಮೆಂಟ್ ಎನ್ನುತ್ತಾರೆ. ಮನಿಲಾದಿಂದ ಬಂದು ಮೂರು ವಾರವಾಗಿದ್ದ ಹೊಸ ನರ್ಸ್ ಮೂರನೇ ಮೆಷಿನ್ ಮುಂದೆ ನಿಂತು ಫೈಲ್ ತೆರೆದು ಓದತೊಡಗಿದಳು. ತೂಕ, ಬಿಪಿ, ಹೆಪಾರಿನ್, ಎಲ್ಲವೂ ಸಾಲಾಗಿ, ರೇಡಿಯೋ ವಾರ್ತೆ ಓದಿದಂತೆ. ನಾನು ಎಲ್ಲ ಹೊಸಬರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ.

"ಫೈಲ್ ಮುಚ್ಚು. ಈಗ ಹೇಳು, ಈ ಖಾಲಾಗೆ ಏನಾಗಿದೆ?"

ಹುಡುಗಿ ತಬ್ಬಿಬ್ಬಾದಳು. ಖಾಲಾ ಎಂದರೆ ಚಿಕ್ಕಮ್ಮ, ನಮ್ಮ ಹಿರಿಯ ರೋಗಿಗಳನ್ನೆಲ್ಲ ನಾವು ಹಾಗೇ ಕರೆಯುವುದು. ಅವಳು ತಡವರಿಸುತ್ತ ಶುರು ಮಾಡಿದಳು. ಖಾಲಾಗೆ ಇರಬೇಕಾದ ತೂಕ ಐವತ್ತೆರಡು ಕಿಲೋ, ಇವತ್ತು ಹೆಚ್ಚಾಗಿ ಬಂದಿದ್ದಾರೆ, ಎರಡನೇ ಗಂಟೆಗೆ ಬಿಪಿ ಇಳಿಯಿತು, ನೀರು ತೆಗೆಯುವುದನ್ನು ನಿಲ್ಲಿಸಿ ಸಲೈನ್ ಕೊಟ್ಟೆ.

"ಬಿಪಿ ಯಾಕೆ ಇಳಿಯಿತು?"

"ಬೇಗ ಬೇಗ ತೆಗೆದೆವು ಮ್ಯಾಡಮ್. ರಕ್ತನಾಳದ ಹೊರಗಿನ ನೀರು ಒಳಗೆ ಬರಲು ಸಮಯ ಸಿಗಲಿಲ್ಲ."

"ಫೈಲಿನಲ್ಲಿ ಇದು ಇದೆಯಾ?"

"ಇಲ್ಲ ಮ್ಯಾಡಮ್."

"ಫೈಲ್ ಎಲ್ಲವನ್ನೂ ಇಟ್ಟುಕೊಳ್ಳುತ್ತದೆ. ನೀನು ತಲೆಯಲ್ಲಿ ಇಟ್ಟುಕೊಂಡದ್ದು ಮಾತ್ರ ರೋಗಿಯ ಉಪಯೋಗಕ್ಕೆ ಬರುತ್ತದೆ" ಎಂದೆ. ಈ ಮಾತನ್ನು ನಾನು ಆರು ವರ್ಷದಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅವತ್ತು ಮೊದಲ ಸಲ ನನಗೇ ಕೇಳಿಸಿತು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನನಗಾಗಿಯೇ ಹುಟ್ಟಿದ್ದಿರಬೇಕು. ದಿನಕ್ಕೊಮ್ಮೆ ಬೇರೆಯವರಿಂದ ಮಾಡಿಸುತ್ತಿದ್ದ ಕೆಲಸವನ್ನು ಓದಿಗೆ ಮಾಡಿಕೊಳ್ಳುವ ಬುದ್ಧಿ ನನಗೆ ಬಂದಿರಲಿಲ್ಲ. ನಾನು ಅಧ್ಯಾಯಗಳನ್ನು ಚಾರ್ಟ್ ಮಾಡುತ್ತಿದ್ದೆ, ಎಂಡಾರ್ಸ್ ಮಾಡುತ್ತಿರಲಿಲ್ಲ.

ಅದೇ ಸಂಜೆ ಕ್ಲಾಸಿನಲ್ಲಿ ನೋಟ್ ಪುಸ್ತಕವನ್ನು ಸಹಪಾಠಿಯ ಮುಂದೆ ಇಟ್ಟೆ. "ಪರೀಕ್ಷೆಯವರೆಗೆ ಇದು ನಿನ್ನ ಬಳಿ ಇರಲಿ. ನಾನು ಕಾಲು ಹಿಡಿದರೂ ಕೊಡಬೇಡ" ಎಂದೆ. ಅವಳಿಗೆ ಭಯವಾಯಿತು. ಸಿಸ್ಟರ್ ಓದನ್ನೇ ಬಿಡುತ್ತಿದ್ದಾರೆ ಎಂದುಕೊಂಡಳು. ಪಠ್ಯಪುಸ್ತಕ ಇರುತ್ತದೆ, ಆದರೆ ಇನ್ನು ನೋಟ್ಸ್ ಬರೆಯುವುದಿಲ್ಲ, ಓದಿ ಪುಸ್ತಕ ಮುಚ್ಚಿ ಯಾರಿಗಾದರೂ ಒಪ್ಪಿಸುತ್ತೇನೆ ಎಂದು ವಿವರಿಸಿದೆ. ನೂರ ಹನ್ನೆರಡು ಪುಟ ಅವಳ ಬ್ಯಾಗಿನೊಳಗೆ ಹೋದವು. ಸುಳ್ಳು ಹೇಳುವುದಿಲ್ಲ, ಮರುದಿನ ಒಂದು ಸಲ ವಾಪಸ್ ಕೇಳಿಯೂ ನೋಡಿದೆ. ಅವಳು ಕೊಡಲಿಲ್ಲ.

ಒಪ್ಪಿಸಿಕೊಳ್ಳಲು ಜನ ಬೇಕಲ್ಲ. ಕ್ಲಾಸಿರುವ ಮೂರು ದಿನ ಅವಳು ಸಿಗುತ್ತಿದ್ದಳು. ಉಳಿದ ದಿನಕ್ಕೆ ನನಗೆ ಕಂಡದ್ದು ನನ್ನ ಗಂಡ.

ಅವರು ಥುಕ್ಬಾದಲ್ಲಿ ಎಸಿ, ಫ್ರಿಜ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿದ್ದಾರೆ. ದೇಶ ಒಂದೇ ಆದರೂ ನಾನು ನೈಋತ್ಯದ ಬೆಟ್ಟದ ಮೇಲೆ, ಅವರು ಪೂರ್ವದ ಸಮುದ್ರದ ಬದಿ, ಭೇಟಿಗೆ ವಿಮಾನ ಹತ್ತಬೇಕು. ನನ್ನ ಮನೆಮಾತು ತುಳು, ಅವರದು ಕೊಂಕಣಿ, ಹಾಗಾಗಿ ನಮ್ಮ ಸಂಸಾರ ಕನ್ನಡದಲ್ಲಿ ನಡೆಯುತ್ತದೆ, ಜಗಳವೂ ಅದರಲ್ಲೇ. ಅವರ ವರ್ಕ್‌ಶಾಪಿಗೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಬಿಡುವು. ನನ್ನ ಪಾಳಿ ಮುಗಿಯುವುದು ಎರಡಕ್ಕೆ. ಮೂರು ಗಂಟೆಗೆ ಫೋನ್ ಮಾಡಿದೆ.

"ಎಂತ ಮಾರಾಯ್ತಿ ಇದು, ಗ್ಯಾಸ್ ತುಂಬಿಸುವವನಿಗೆ ಕಿಡ್ನಿ ಪಾಠ ಯಾಕೆ?" ಎಂದರು.

"ನಿಮಗೆ ಗೊತ್ತಿಲ್ಲ ಅಲ್ವಾ, ಅದಕ್ಕೇ ನೀವು ಬೇಕಾದ್ದು ಮಾರಾಯ್ರೆ. ಗೊತ್ತಿದ್ದವರು ನಾನು ಅರ್ಧ ಹೇಳುವಾಗಲೇ ತಲೆ ಆಡಿಸ್ತಾರೆ. ಅರ್ಧದಲ್ಲೇ ನಾನು ಬಚಾವಾಗಿ ಬಿಡ್ತೇನೆ."

"ಆಯ್ತು, ಹೇಳು. ಊಟ ಆಗಿದೆ, ಆರಾಮ ಇದ್ದೇನೆ."

ಪಾಠ ಶುರುವಾಯಿತು. ಮೊದಲ ವಾರ ಅದ್ಭುತವಾಗಿ ಹೋಯಿತು. ಇಪ್ಪತ್ತು ನಿಮಿಷ ನಾನು ಹೇಳುತ್ತಿದ್ದೆ, ನಡುನಡುವೆ ಅವರ "ಹೂಂ" ಕೇಳುತ್ತಿತ್ತು. ಎಷ್ಟು ತಾಳ್ಮೆಯ ಗಂಡ ಎಂದು ಮನಸ್ಸು ತುಂಬಿ ಬರುತ್ತಿತ್ತು. ಐದನೇ ದಿನ ಹೃದಯದ ಅಧ್ಯಾಯ ಮುಗಿಸಿ ಕೇಳಿದೆ.

"ಅರ್ಥ ಆಯ್ತಾ?"

"ಹೂಂ."

"ಹೃದಯಕ್ಕೆ ಎಷ್ಟು ಕೋಣೆ?"

"ಹೂಂ."

ಆಮೇಲೆ ಫೋನಿನಲ್ಲಿ ಗೊರಕೆ ಕೇಳಿಸಿತು. ಮೀನು ಸಾರು, ಅನ್ನ ಉಂಡು ಎಸಿ ಹಾಕಿಕೊಂಡು ಮಲಗಿದ ಮನುಷ್ಯನಿಗೆ ನಾನು ಐದು ದಿನ ಜೋಗುಳ ಹಾಡಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಎಚ್ಚರವಾದರೂ ಇರುತ್ತದೆ.

ಮರುದಿನ ವಾರ್ಡಿನ ಇನ್ನೊಂದು ನಿಯಮವನ್ನು ಜಾರಿಗೆ ತಂದೆ. ಡಾಕ್ಟರು ಫೋನಿನಲ್ಲಿ ಔಷಧ ಹೇಳಿದರೆ ನಾವು 'ಓಕೆ' ಎಂದು ಇಟ್ಟುಬಿಡುವಂತಿಲ್ಲ. ಕೇಳಿದ್ದನ್ನು ತಿರುಗಿಸಿ ಹೇಳಬೇಕು, ಅವರು ಸರಿ ಎನ್ನಬೇಕು, ಆಮೇಲೆಯೇ ಔಷಧ. "ಇನ್ನು ಹೂಂ ನಡೆಯುದಿಲ್ಲ. ನಾನು ಹೇಳಿದ್ದನ್ನು ನೀವು ತಿರುಗಿಸಿ ಹೇಳ್ಬೇಕು. ಕೂತುಕೊಂಡು ಕೇಳ್ಬೇಕು, ಮಲಗಿಕೊಂಡು ಅಲ್ಲ" ಎಂದೆ. ಅವರು ಗೊಣಗಿದರು. ಆದರೆ ಹಠಕ್ಕೆ ಬಿದ್ದರೆ ಅವರು ನನ್ನನ್ನೂ ಮೀರಿಸುವವರು.

ಅವತ್ತಿನ ವಿಷಯ ನಾನು ಬಿದ್ದ ಪ್ರಶ್ನೆಯದೇ. ರಕ್ತದಲ್ಲಿ ಆಮ್ಲ ಹೆಚ್ಚಾದಾಗ ದೇಹ ಏನು ಮಾಡುತ್ತದೆ? ನಾನು 'ಮೆಟಬಾಲಿಕ್ ಅಸಿಡೋಸಿಸ್' ಎಂದೆ. ಅವರು, "ಅದೆಂತ, ಬಿಡಿಸಿ ಹೇಳು" ಎಂದರು. ನಾನು ಇನ್ನೊಂದು ದೊಡ್ಡ ಪದ ಹೇಳಿದೆ. "ಅದನ್ನೂ ಬಿಡಿಸು" ಎಂದರು. ಬಿಡಿಸಲು ಹೋದರೆ ಒಳಗೆ ಏನೂ ಇರಲಿಲ್ಲ. ಪದಗಳನ್ನು ಮಾತ್ರ ಬಣ್ಣದಲ್ಲಿ ಬರೆದಿಟ್ಟುಕೊಂಡಿದ್ದೆ. ಫೋನ್ ಇಟ್ಟು, ಪುಸ್ತಕ ತೆರೆದು, ಆ ನಾಲ್ಕು ಪುಟವನ್ನು ಮತ್ತೆ ಓದಿ, ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್ ಮಾಡಿದೆ. ಈ ಸಲ ಕೇಳಿಸಿಕೊಂಡು ಅವರು ತಿರುಗಿಸಿ ಹೇಳಿದರು.

"ಅಂದ್ರೆ, ಕಿಡ್ನಿ ಹಾಳಾಯ್ತು. ಆಸಿಡ್ ಹೊರಗೆ ಹೋಗುದಿಲ್ಲ, ಒಳಗೇ ತುಂಬ್ತದೆ. ಆಗ ಶ್ವಾಸಕೋಶ ಎಕ್ಸ್‌ಟ್ರಾ ಡ್ಯೂಟಿ ಮಾಡ್ತದೆ, ಉಸಿರಿನಲ್ಲಿ ಆದಷ್ಟು ಹೊರಗೆ ಹಾಕ್ಲಿಕ್ಕೆ. ಹೊರಗಿನ ಯೂನಿಟ್ಟಿನ ಫ್ಯಾನ್ ಫುಲ್ ಸ್ಪೀಡಿಗೆ ಹೋದ ಹಾಗೆ. ಸರಿಯಾ?"

"ಸರಿ."

"ಹಾಗಾದ್ರೆ ಫ್ಯಾನ್ ಸರಿ ಉಂಟು ಮಾರಾಯ್ತಿ. ಕಂಪ್ಲೇಂಟ್ ಫ್ಯಾನಿನದ್ದಲ್ಲ. ಫ್ಯಾನ್ ಬಿಚ್ಚಿ ಕೂತ್ರೆ ಎಂತ ಪ್ರಯೋಜನ?"

ಮಧ್ಯಾವಧಿ ಪರೀಕ್ಷೆಯಲ್ಲಿ ನಾನು ಮಾಡಿದ್ದು ಅದನ್ನೇ, ಫ್ಯಾನ್ ಬಿಚ್ಚಿ ಕೂತಿದ್ದೆ. ಶ್ವಾಸಕೋಶ ಸರಿಯಾಗಿಯೇ ಇತ್ತು, ಅದು ಬೇರೆಯವರ ಕೆಲಸ ಮಾಡುತ್ತಿತ್ತು. ಎಂಥ ಸಂತೋಷವಾಯಿತೆಂದರೆ ಎದ್ದು ಹೋಗಿ ಎರಡನೇ ಸಲ ಚಹಾ ಮಾಡಿಕೊಂಡೆ.

ಹೀಗೆ ಮೂರು ವಾರ ನಡೆಯಿತು. ನನಗೆ ಧೈರ್ಯ ಬಂತು. ಬಂದ ಧೈರ್ಯವನ್ನು ಇಳಿಸಲು ಮೇಷ್ಟ್ರು ಹೇಳದೆ ಕೇಳದೆ ಒಂದು ಕಿರುಪರೀಕ್ಷೆ ಕೊಟ್ಟರು. ಇಪ್ಪತ್ತಕ್ಕೆ ಒಂಬತ್ತು. ಇತ್ತೀಚಿನ ಎರಡು ವಾರದ ಪಾಠಗಳೆಲ್ಲ ಸರಿ ಇದ್ದವು. ಅದಕ್ಕಿಂತ ಹಿಂದಿನದ್ದೆಲ್ಲ ಗಾಳಿಗೆ ಹೋಗಿತ್ತು. ಎಚ್ಚರವಿದ್ದ ಗಂಡನಿಗೆ ಒಪ್ಪಿಸಿದ ಪಾಠಗಳೂ ಅದರಲ್ಲಿ ಇದ್ದವು.

ಸಹಪಾಠಿ ಮರುದಿನ ನನಗಾಗಿ ಮನೆಯಿಂದ ಅರೀಕಾ ತಂದಳು. ಗೋಧಿ ರೊಟ್ಟಿಯನ್ನು ಚೂರು ಮಾಡಿ ತುಪ್ಪ, ಜೇನು ಹಾಕಿ ನಾದಿದ ಅವರ ಬೆಟ್ಟದ ತಿಂಡಿ. ನಾನು ತಿನ್ನುತ್ತ ಗೋಳು ತೋಡಿಕೊಂಡೆ: ಎಲ್ಲವನ್ನೂ ಎಂಡಾರ್ಸ್ ಮಾಡಿದ್ದೇನೆ, ಆದರೂ ಉಳಿದಿಲ್ಲ.

"ಎಷ್ಟು ಸಲ ಮಾಡಿದಿರಿ?" ಎಂದಳು.

"ಒಂದೊಂದು ಅಧ್ಯಾಯಕ್ಕೆ ಒಂದೊಂದು ಸಲ."

"ಸಿಸ್ಟರ್, ನನ್ನ ವಾರ್ಡಿನಲ್ಲಿ ಒಂದು ಮಗು ಹದಿನೇಳು ದಿನದಿಂದ ಇದೆ. ನಾವು ಅದನ್ನು ಮೊದಲ ದಿನ ಮಾತ್ರ ಎಂಡಾರ್ಸ್ ಮಾಡಿದ್ದರೆ?"

ನಾನು ಅರೀಕಾದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಡಿಸ್ಚಾರ್ಜ್ ಆಗುವವರೆಗೆ ಪ್ರತಿ ರೋಗಿಯನ್ನೂ ಪ್ರತಿ ಪಾಳಿಯಲ್ಲೂ ಒಪ್ಪಿಸುತ್ತೇವೆ. ಮೊದಲ ವಾರದ ಅಧ್ಯಾಯಗಳನ್ನು ನಾನು ಹಾಸಿಗೆಯಲ್ಲಿ ಬಿಟ್ಟು ಬಾಗಿಲು ಹಾಕಿಕೊಂಡು ಬಂದಿದ್ದೆ.

ಅಲ್ಲೇ, ಕ್ಯಾಂಟೀನಿನ ಕಾಗದದ ಟೇಬಲ್ ಹಾಸಿನ ಮೇಲೆ, ನಾವಿಬ್ಬರೂ ವಾರ್ಡ್ ಪಟ್ಟಿ ಬರೆದೆವು. ಹದಿನಾಲ್ಕು ಅಧ್ಯಾಯ, ಹದಿನಾಲ್ಕು ಹಾಸಿಗೆ. ಆರನೇ ಹಾಸಿಗೆ, ಹೃದಯ ವೈಫಲ್ಯ, ಗಂಭೀರ. ಒಂಬತ್ತನೇ ಹಾಸಿಗೆ, ಆಮ್ಲದ ಸಮತೋಲನ, ಸುಧಾರಿಸುತ್ತಿದೆ. ಎರಡನೇ ಹಾಸಿಗೆ, ಉರಿಯೂತ, ಪ್ರಜ್ಞೆಯೇ ಇಲ್ಲ. ಗಂಭೀರವಾದವು ದಿನಾ, ಸುಧಾರಿಸುತ್ತಿರುವವು ಮೂರು ದಿನಕ್ಕೊಮ್ಮೆ, ಸ್ಥಿರವಾದವು ವಾರಕ್ಕೊಮ್ಮೆ. ಒಮ್ಮೆಯೂ ತಡವರಿಸದೆ ಎರಡು ವಾರ ಒಪ್ಪಿಸಿದರೆ ಡಿಸ್ಚಾರ್ಜ್ ಎಂದು ನಾನು ಬರೆದೆ. ಪರೀಕ್ಷೆಗೆ ಮೊದಲು ಯಾರಿಗೂ ಡಿಸ್ಚಾರ್ಜ್ ಇಲ್ಲ ಎಂದು ಅವಳು ಹೊಡೆದು ಹಾಕಿದಳು. ಆ ಕಾಗದವನ್ನು ಕ್ವಾರ್ಟರ್ಸಿನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ, ಮೇಲೆ ತುಪ್ಪದ ಕಲೆ ಸಮೇತ.

ಮುಂದಿನ ಐದು ವಾರ ನನ್ನ ದಿನ ಹೀಗಿತ್ತು. ಬೆಳಗಿನ ಪಾಳಿ, ಎರಡಕ್ಕೆ ಘಟಕದ ಎಂಡಾರ್ಸ್‌ಮೆಂಟ್, ಮೂರಕ್ಕೆ ಥುಕ್ಬಾಕ್ಕೆ ಫೋನ್. ಮೊದಲು ಹಳೆಯ ರೋಗಿಗಳು, ಕೊನೆಗೆ ಹೊಸದೊಂದು. ಒಟ್ಟು ನಲವತ್ತು ನಿಮಿಷ, ಹೆಚ್ಚಿಲ್ಲ. ಕ್ಲಾಸಿರುವ ದಿನ ಸಹಪಾಠಿ ರೋಗದ ಹೆಸರು ಹೇಳದೆ ರೋಗಿಯನ್ನು ಮಾತ್ರ ಕೊಡುತ್ತಿದ್ದಳು. "ಅರವತ್ತು ವರ್ಷ, ಮಲಗಿದರೆ ಕೆಮ್ಮು, ಎದ್ದು ಕೂತರೆ ಆರಾಮ, ಕಾಲು ಊದಿದೆ. ಯಲ್ಲಾ ಸಿಸ್ಟರ್, ಏನಾಗಿದೆ, ಮೊದಲು ಏನು ಮಾಡುತ್ತೀರಿ?" ನಾನು ಕೂಡಲೇ ಬಾಯಿ ತೆರೆದರೆ ಮೇಜು ಕುಟ್ಟುತ್ತಿದ್ದಳು. ಪ್ರಶ್ನೆಯಲ್ಲಿದ್ದ ಪ್ರತಿಯೊಂದು ಸಂಗತಿಯನ್ನೂ ತಿರುಗಿಸಿ ಹೇಳಿದ ಮೇಲೆಯೇ ಉತ್ತರ. ಅದು ನನ್ನ ಹಳೆಯ ಚಾಳಿಗೆ ಅವಳು ಕೊಟ್ಟ ಮದ್ದು.

ಗಂಡನ ಪ್ರಗತಿ ನನ್ನನ್ನೂ ಮೀರಿಸಿತು. ಒಂದು ದಿನ, "ಹನ್ನೊಂದನೇ ಬೆಡ್ಡಿನವ ಹೇಗಿದ್ದಾನೆ? ಎರಡು ದಿನದಿಂದ ಸುದ್ದಿ ಇಲ್ಲ" ಎಂದು ಅವರೇ ಕೇಳಿದರು. ಹನ್ನೊಂದನೆಯದು 'ಶಾಕ್' ಎಂಬ ಅಧ್ಯಾಯ, ದೇಹಕ್ಕೆ ರಕ್ತ ಸಾಲದೆ ಬಿಪಿ ಕುಸಿಯುವುದು. ಕಷ್ಟ ಎಂದು ನಾನು ಬೇಕೆಂದೇ ಜಾರಿಕೊಂಡಿದ್ದೆ.

"ಅವ ಇದ್ದಾನೆ, ನಾಳೆ ನೋಡುವ" ಎಂದೆ.

"ಶಾಕಿನವನನ್ನು ನಾಳೆಗೆ ಇಡ್ತಾರಾ? ನೀನೇ ಅಲ್ವಾ ಹೇಳಿದ್ದು, ಅವನಿಗೆ ಟೈಮ್ ಇಲ್ಲ ಅಂತ?"

ನನ್ನದೇ ಪಾಠವನ್ನು ನನಗೇ ತಿರುಗಿಸಿದ್ದರು. ಅವತ್ತೇ ಒಪ್ಪಿಸಿದೆ. ನೀರು ಕಡಿಮೆಯಾದರೆ ಒಂದು ರೀತಿ, ಪಂಪೇ ಕೆಟ್ಟರೆ ಒಂದು ರೀತಿ, ಪೈಪು ಸಡಿಲವಾದರೆ ಇನ್ನೊಂದು ರೀತಿ ಎಂದು ಅವರು ವಿಂಗಡಿಸಿ ತಿರುಗಿಸಿ ಹೇಳಿದ್ದು ಪಠ್ಯಪುಸ್ತಕಕ್ಕಿಂತ ಚೆನ್ನಾಗಿತ್ತು.

ಪರೀಕ್ಷೆಯ ಬೆಳಿಗ್ಗೆ ಅಭಾದಲ್ಲಿ ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ಟ್ಯಾಕ್ಸಿ ಅರ್ಧ ದಾರಿಯಲ್ಲಿ ನಿಂತಿತು. ನೋಡಿದರೆ ರಸ್ತೆಯ ನಡುವೆ ಬಬೂನ್ ಕೋತಿಗಳ ಒಂದು ಹಿಂಡು ಸಂಸಾರ ಸಮೇತ ಕೂತು ಯಾರೋ ಎಸೆದ ಬಾಳೆಹಣ್ಣು ತಿನ್ನುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದ, ಹಿರಿಯ ಬಬೂನ್ ನಮ್ಮನ್ನು ಒಮ್ಮೆ ನೋಡಿ ಮತ್ತೆ ತಿನ್ನತೊಡಗಿತು. ಕಾದ ಏಳು ನಿಮಿಷದಲ್ಲಿ ನಾನು ಅದಕ್ಕೆ ಎರಡನೇ ಹಾಸಿಗೆಯನ್ನು ಎಂಡಾರ್ಸ್ ಮಾಡಿದೆ, ಕನ್ನಡದಲ್ಲಿ, ಜೋರಾಗಿ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ಏನೋ ಪ್ರಾರ್ಥನೆ ಹೇಳಿಕೊಂಡ.

ಹಾಲ್‌ನಲ್ಲಿ ನನ್ನ ಮುಂದೆ ಇದ್ದದ್ದು ಕಂಪ್ಯೂಟರ್ ಪರದೆ. ಇಪ್ಪತ್ತಮೂರನೇ ಪ್ರಶ್ನೆ: ಸಕ್ಕರೆ ಕಾಯಿಲೆಯ ಯುವಕ, ನಾಲ್ಕು ದಿನದಿಂದ ಇನ್ಸುಲಿನ್ ತೆಗೆದುಕೊಂಡಿಲ್ಲ, ಉಸಿರು ಆಳ ಮತ್ತು ವೇಗ, ಎದೆ ಸ್ವಚ್ಛ. ನನ್ನ ಬೆರಳು ಅಭ್ಯಾಸ ಬಲದಿಂದ ಮೊದಲ ಆಯ್ಕೆಯತ್ತ ಹೋಯಿತು. ಅಲ್ಲಿ ಶ್ವಾಸಕೋಶದ ತೊಂದರೆ ಎಂದಿತ್ತು. 'ಫ್ಯಾನ್ ಸರಿ ಉಂಟು ಮಾರಾಯ್ತಿ' ಎಂದು ಕಿವಿಯಲ್ಲಿ ಕೇಳಿಸಿತು. ಬೆರಳು ಹಿಂದೆ ಬಂದು, ರಕ್ತದಲ್ಲಿ ಆಮ್ಲ ಎಂಬ ಆಯ್ಕೆಯನ್ನು ಒತ್ತಿತು. ಈ ಸಲ ಯಾವ ಪುಟವೂ, ಯಾವ ಬಣ್ಣವೂ ನೆನಪಾಗಲಿಲ್ಲ. ನೆನಪಾದದ್ದೆಲ್ಲ ದನಿಗಳು. ಕೆಲವು ಪ್ರಶ್ನೆ ಗೊತ್ತಾಗಲಿಲ್ಲ, ಅವನ್ನು ಬಿಟ್ಟು ಮುಂದೆ ಹೋಗಿ ಕೊನೆಗೆ ಬಂದೆ. ಹೊರಗೆ ಬಂದಾಗ ಮಂಜು ಕರಗಿ ಬಿಸಿಲು ಬಂದಿತ್ತು.

ಎಂಟು ದಿನದ ಮೇಲೆ, ನಾನು ಪಾಳಿಯಲ್ಲಿರುವಾಗ ಫೋನ್ ಜೇಬಿನಲ್ಲಿ ನಡುಗಿತು. ಫಲಿತಾಂಶ ಎಂದು ಗೊತ್ತಾಯಿತು. ಆದರೆ ಐದನೇ ಮೆಷಿನ್ ಅಲಾರಂ ಹೊಡೆಯುತ್ತಿತ್ತು, ಏಳನೆಯದಕ್ಕೆ ಹೊಸ ರೋಗಿ ಬರುವವರಿದ್ದರು. ಎರಡು ಗಂಟೆಯವರೆಗೆ ಜೇಬಿಗೆ ಕೈ ಹಾಕಲಿಲ್ಲ. ಮನಿಲಾದ ಹುಡುಗಿ ಅವತ್ತು ಹೇಳಿಸಿಕೊಳ್ಳದೆಯೇ ಫೈಲನ್ನು ಕಂಕುಳಲ್ಲಿ ಮುಚ್ಚಿಟ್ಟುಕೊಂಡು ನಾಲ್ಕು ರೋಗಿಗಳನ್ನೂ ಒಪ್ಪಿಸಿದಳು. ಅದು ಮುಗಿದ ಮೇಲೆ ಸ್ಟೋರ್ ರೂಮಿಗೆ ಹೋಗಿ, ಸಲೈನ್ ಪೆಟ್ಟಿಗೆಗಳ ನಡುವೆ ನಿಂತು ನೋಡಿದೆ.

ಎಪ್ಪತ್ತಕ್ಕೆ ಐವತ್ತೇಳು. ಒಟ್ಟು ಅರವತ್ತೆಂಟು.

ಸೂಪರ್‌ವೈಸರ್ ಬಳಿ ಹೋಗಿ ಫೋನ್ ತೋರಿಸಿದೆ. ಅವರು ನನ್ನ ಜೊತೆ ಘಟಕಕ್ಕೆ ಬಂದರು. ಬಾಗಿಲ ಬಳಿಯ ಬಿಳಿ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದಿದ್ದ 'ಆಕ್ಟಿಂಗ್' ಎಂಬ ಪದವನ್ನು ಹೆಬ್ಬೆರಳಿನಿಂದ ಒರೆಸಿ ಹೋದರು. ಸಹಪಾಠಿ ಮಕ್ಕಳ ವಾರ್ಡಿನಿಂದ ಓಡಿ ಬಂದು ನೋಟ್ ಪುಸ್ತಕವನ್ನು ನನ್ನ ಕೈಗಿಟ್ಟಳು. ಅವಳಿಗೆ ನನಗಿಂತ ಆರು ಹೆಚ್ಚು ಬಂದಿತ್ತು, ಅದನ್ನೂ ಹೇಳಿಯೇ ಹೋದಳು.

ಮೂರು ಗಂಟೆಗೆ ಥುಕ್ಬಾಕ್ಕೆ ಫೋನ್ ಮಾಡಿದೆ. ಪರೀಕ್ಷೆ ಮುಗಿದಿದ್ದರೂ ಆ ಎಂಟು ದಿನವೂ ಅವರು ಅದೇ ಹೊತ್ತಿಗೆ ಎದ್ದು ಕೂತಿರುತ್ತಿದ್ದರಂತೆ, ಅಭ್ಯಾಸವಾಗಿ ಹೋಗಿತ್ತು.

"ಎಂಡಾರ್ಸ್‌ಮೆಂಟ್ ತಗೊಳ್ಳಿ" ಎಂದೆ.

"ಹೇಳು."

"ಹದಿನಾಲ್ಕು ಬೆಡ್ಡೂ ಖಾಲಿ. ಎಲ್ಲರಿಗೂ ಡಿಸ್ಚಾರ್ಜ್ ಆಯ್ತು. ಎಪ್ಪತ್ತಕ್ಕೆ ಐವತ್ತೇಳು. ಘಟಕ ನನ್ನದೇ."

ಆ ಕಡೆಯಿಂದ ಎಸಿಯ ಗುಂಯ್ ಮಾತ್ರ ಕೇಳುತ್ತಿತ್ತು.

"ತಿರುಗಿಸಿ ಹೇಳಿ ಮಾರಾಯ್ರೆ" ಎಂದೆ.

ಅವರು ಹದಿನಾಲ್ಕು ಎಂದು ಶುರು ಮಾಡಿದರು, ಮುಂದೆ ಹೋಗಲಾಗಲಿಲ್ಲ. ಹೃದಯ, ಕಿಡ್ನಿ, ಶಾಕ್ ಎಲ್ಲವನ್ನೂ ವಾರಗಟ್ಟಲೆ ತಿರುಗಿಸಿ ಹೇಳಿದ ಮನುಷ್ಯನಿಗೆ ಅದೊಂದು ಸಾಲು ಬಾಯಿಗೆ ಬರಲಿಲ್ಲ. ಮೂಗು ಒರೆಸಿಕೊಂಡದ್ದು ಕೇಳಿಸಿತು.

ಕೊನೆಗೆ, "ಹೂಂ" ಎಂದರು.

ಅದೊಂದು ಹೂಂ ಅನ್ನು ನಾನು ಒಪ್ಪಿಕೊಂಡೆ.